ಮೂರನೆಯ ಮೇಷ್ಟ್ರು

ಅಂಗಡಿಯಲ್ಲಿ ಸೀರೆ ಆರಿಸುವುದಕ್ಕೂ ಮಗುವಿಗೆ ಶಾಲೆ ಆರಿಸುವುದಕ್ಕೂ ಒಂದು ವ್ಯತ್ಯಾಸವಿದೆ. ನಾವು ಬೇಡವೆಂದು ಬಿಟ್ಟುಬಂದ ಸೀರೆ, ನಾವು ಬಿಟ್ಟೆವೆಂದು ಬಣ್ಣಗೆಡುವುದಿಲ್ಲ. ಬಿಟ್ಟುಬಂದ ಶಾಲೆಯ ಮಾತು ಹಾಗಲ್ಲ. ಸರ್ಕಾರದ ಹಣ ಯಾವ ಶಾಲೆಗೆ ಸಲ್ಲಬೇಕೆಂಬ ಚರ್ಚೆ ಕೇಳಿದಾಗಲೆಲ್ಲ ನನಗೆ ಇದು ನೆನಪಾಗುತ್ತದೆ.

ಖಾಸಗಿಯವರ ಶಾಲೆಗೆ ಸರ್ಕಾರ ಹಣ ಕೊಡುವುದು ಹೊಸದೇನಲ್ಲ. ಅನುದಾನದ ಪದ್ಧತಿಗೆ 1854ರ ವುಡ್ ಸಾಹೇಬನ ವರದಿಯಷ್ಟು ವಯಸ್ಸಾಗಿದೆ. ಆ ಹಣ ಶಾಲೆಗೆ, ಮುಖ್ಯವಾಗಿ ಉಪಾಧ್ಯಾಯರ ಸಂಬಳಕ್ಕೆ ಸಲ್ಲುತ್ತಿತ್ತು. 2009ರ ಶಿಕ್ಷಣ ಹಕ್ಕು ಕಾಯಿದೆ ಬೇರೊಂದು ದಾರಿ ತೆರೆಯಿತು. ಅನುದಾನವಿಲ್ಲದ ಖಾಸಗಿ ಶಾಲೆ ಮೊದಲ ತರಗತಿಯ ನೂರಕ್ಕೆ 25 ಸೀಟುಗಳನ್ನು ಬಡ ಮತ್ತು ಹಿಂದುಳಿದ ಮಕ್ಕಳಿಗೆ ಬಿಡಬೇಕು. ಅವರ ಖರ್ಚನ್ನು ಸರ್ಕಾರ ತುಂಬಬೇಕು. ನಮ್ಮ ರಾಜ್ಯದಲ್ಲಿ ಮೊದಮೊದಲು ಒಂದನೆಯ ತರಗತಿಯ ಮಗುವಿಗೆ ವರ್ಷಕ್ಕೆ ಹೆಚ್ಚೆಂದರೆ 11,848 ರೂಪಾಯಿ ಎಂದು ಗೊತ್ತುಮಾಡಿದ್ದರು. ಹೀಗೆ ಹಣ ಮಗುವಿನ ಹಿಂದೆ ನಡೆಯತೊಡಗಿತು.

ನಮ್ಮ ಬೀದಿಗೆ ಹೂವು ತರುವಾಕೆ 2016ರಲ್ಲಿ ಮಗಳಿಗಾಗಿ ಅರ್ಜಿ ಹಾಕಿದಳು. ಲಾಟರಿಯಲ್ಲಿ ಹೆಸರು ಬಂತು. ಮನೆಮನೆಗೂ ಕಲ್ಲುಸಕ್ಕರೆ ಹಂಚಿದಳು. ಆಕೆಯ ತಂಗಿಯ ಮಗನ ಹೆಸರು ಬರಲಿಲ್ಲ. ಅವನು ಬೀದಿಯ ಕೊನೆಯ ಸರ್ಕಾರಿ ಶಾಲೆ ಸೇರಿದ. ಆ ತಾಯಿಯ ಸಂತೋಷಕ್ಕೆ ಕೊಂಕು ನುಡಿಯುವ ನಾಲಗೆ ನನಗಿಲ್ಲ. ನಮ್ಮಂಥ ಸಂಬಳದ ಮನೆಯವರು ಆ ಶಾಲೆಯನ್ನು ಬಿಟ್ಟು ಎಷ್ಟೋ ಕಾಲವಾಯಿತು. ನಮ್ಮನ್ನು ಯಾರೂ ಕಾರಣ ಕೇಳಲಿಲ್ಲ.

ಆದರೆ ತಂಗಿಯ ಮಗನ ಗತಿಯೇನು? ಅದೇ ಕಾಯಿದೆಯ ಅನುಬಂಧವನ್ನು ನೋಡಿ. ಐದನೆಯ ತರಗತಿಯವರೆಗಿನ ಶಾಲೆಯಲ್ಲಿ 60 ಮಕ್ಕಳವರೆಗೆ ಇಬ್ಬರು ಉಪಾಧ್ಯಾಯರು. 61 ಆದರೆ ಮೂವರು. ಅಂದರೆ 61 ಮಕ್ಕಳ ಶಾಲೆಯಿಂದ ಒಂದು ಮಗು ಹೊರಟರೆ, ಲೆಕ್ಕದ ಪ್ರಕಾರ ಮೂರನೆಯ ಮೇಷ್ಟ್ರೂ ಹೊರಡಬೇಕಾಗುತ್ತದೆ. ಉಳಿದ ಇಬ್ಬರು ಐದು ತರಗತಿಗಳನ್ನು ಹಂಚಿಕೊಳ್ಳಬೇಕು. ಮೂರನೆಯವರಿಗೆ ಮಗ್ಗಿ ಹೇಳಿಸುವಾಗ ಒಂದನೆಯವರು ಅದೇ ಕೋಣೆಯಲ್ಲಿ ಕೈಕಟ್ಟಿ ಕೂತಿರಬೇಕು. ಏನನ್ನೂ ಆರಿಸದ ಮಗುವಿನ ಪಾಠ, ಬೇರೊಂದು ಮನೆಯ ಆಯ್ಕೆಯಿಂದ ಅರ್ಧವಾಗುತ್ತದೆ.

ಸರ್ಕಾರಕ್ಕೂ ಇದು ಹೊಳೆಯದೆ ಇರಲಿಲ್ಲ. ಹತ್ತಿರದಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆಯಿದ್ದರೆ ಖಾಸಗಿ ಶಾಲೆಯ ಆ ಸೀಟುಗಳಿಲ್ಲವೆಂದು ಕರ್ನಾಟಕ 2019ರಲ್ಲಿ ನಿಯಮವನ್ನು ತಿದ್ದಿತು; ಅದೇ ವರ್ಷ ಹೈಕೋರ್ಟು ಅದನ್ನು ಎತ್ತಿಹಿಡಿಯಿತು. ಆದರೆ ಎದುರು ಮನೆಯ ಬಾಗಿಲಿಗೆ ಅಗುಳಿ ಹಾಕಿದ ಮಾತ್ರಕ್ಕೆ ನಮ್ಮ ಮನೆಯ ಒಲೆ ಉರಿಯುವುದಿಲ್ಲ. ದುಡ್ಡಿದ್ದವರು ಆ ಮೇಲೂ ಆರಿಸಿಕೊಂಡರು. ಬಾಗಿಲು ಮುಚ್ಚಿದ್ದು ಹೂವಿನವಳಂಥವರಿಗೆ.

ಹಣ ಶಾಲೆಗೋ ಮಗುವಿಗೋ ಎಂಬ ವಾದ ನಡೆಯುತ್ತಿರಲಿ. ಅದಕ್ಕೆ ಮೊದಲು ಒಂದು ಕೆಲಸವಾಗಬೇಕೆಂದು ನನಗೆ ತೋರುತ್ತದೆ. ತಲೆ ಎಣಿಸಿ ಮೇಷ್ಟ್ರನ್ನು ಕೊಡುವುದನ್ನು ಬಿಟ್ಟು ತರಗತಿ ಎಣಿಸಿ ಕೊಡಲಿ. ನೆರೆಹೊರೆಯ ಮಕ್ಕಳೆಲ್ಲ ಒಂದೇ ಶಾಲೆಯಲ್ಲಿ ಕಲಿಯಬೇಕೆಂದು ಕೊಠಾರಿ ಆಯೋಗ 1966ರಲ್ಲೇ ಹೇಳಿತ್ತು. ಅಷ್ಟು ದೊಡ್ಡ ಮಾತು ಸದ್ಯಕ್ಕೆ ಬೇಡ. ಐದು ತರಗತಿಗೆ ಐವರಿರಲಿ. ಆಮೇಲೆ ಬಿಟ್ಟುಹೋಗುವವರು ಹೋಗಲಿ. ಉಳಿದ ಮಗುವಿನ ಮಗ್ಗಿ ನಡುವೆ ನಿಲ್ಲದಿದ್ದರೆ ಸಾಕು.