ಭಾಗ 7: ಖಾಲಿ ಸ್ಟ್ಯಾಕ್‌ನಿಂದ ಏನ್ ತೆಗೀತೀರಾ?

ಡೇಟಾ ಸ್ಟ್ರಕ್ಚರ್ ಲ್ಯಾಬ್‌ನಲ್ಲಿ ನಾವೆಲ್ಲ ಸ್ಟ್ಯಾಕ್ ಬರೆದವ್ರೇ. ವೈವಾದಲ್ಲಿ "ಸ್ಟ್ಯಾಕ್ ಅಂದ್ರೇನು?" ಅಂತ ಕೇಳಿದ್ರೆ, ಒಂದರ ಮೇಲೊಂದು ತಟ್ಟೆ ಇಟ್ಟ ಕಥೆ ಹೇಳಿ ಪಾರಾಗ್ತೀವಿ. ನಂಗೆ ಆ ತಟ್ಟೆ ಸಾಲ್ತಿರಲಿಲ್ಲ. ಅರೇ ಬದಲು ಲಿಂಕ್ಡ್ ಲಿಸ್ಟ್ ಹಾಕಿದ್ರೂ ಅದು ಸ್ಟ್ಯಾಕೇ ತಾನೆ? ಹಾಗಾದ್ರೆ ಅದರ ಸ್ಟ್ಯಾಕ್‌ತನ ಇರೋದೆಲ್ಲಿ?

ಅಮೆರಿಕದ ಜೋಸೆಫ್ ಗೊಗೆನ್ 1970ರ ದಶಕದಲ್ಲಿ ಶುರುಮಾಡಿದ ಓಬಿಜೆ ಭಾಷೆಯಲ್ಲಿ ಇದಕ್ಕೆ ಉತ್ತರ ಎರಡೇ ಸಾಲು:

ಟಾಪ್(ಪುಶ್(ಅ, ಸ)) = ಅ
ಪಾಪ್(ಪುಶ್(ಅ, ಸ)) = ಸ

ಅರೇ ಇಲ್ಲ, ಲೂಪ್ ಇಲ್ಲ. ಈ ಸಮೀಕರಣಗಳೇ ಪ್ರೋಗ್ರಾಮ್. ಎಡಗಡೆಯ ಆಕಾರ ಕಂಡಲ್ಲೆಲ್ಲ ಮಷಿನ್ ಬಲಗಡೆಯದನ್ನ ಇಡುತ್ತೆ, ಬದಲಾಯಿಸೋಕೆ ಏನೂ ಉಳಿಯದಿದ್ದಾಗ ನಿಲ್ಲುತ್ತೆ. ಗಣಿತದಲ್ಲಿ ನಿಜವಾದದ್ದೆಲ್ಲ ಇಲ್ಲಿ ಸುಮ್ನೆ ಬರೆಯೋ ಹಾಗಿಲ್ಲ. ಅ + ಬ = ಬ + ಅ ಅಂತ ಹಾಕಿದ್ರೆ 2+3, 3+2, ಮತ್ತೆ 2+3... ಬೆಳಗಾದ್ರೂ ಮುಗಿಯಲ್ಲ! ಅದಕ್ಕೇ ಆ ಗುಣವನ್ನ ಪ್ಲಸ್ ಚಿಹ್ನೆಯ ಲಕ್ಷಣ ಅಂತ ಬೇರೆಯಾಗಿ ಘೋಷಿಸ್ತಾರೆ.

ಈಗ ಖಾಲಿ ಸ್ಟ್ಯಾಕ್. ಸಿ ಭಾಷೆಯಲ್ಲಿ ನಾವು -1 ವಾಪಸ್ ಕೊಡ್ತೀವಿ. ಯಾರಾದ್ರೂ -1 ಅನ್ನೇ ಪುಶ್ ಮಾಡಿದ್ರೆ? 1985ರಲ್ಲಿ ಪ್ರಕಟವಾದ ಓಬಿಜೆ2 ಇದನ್ನ ಬಗೆಹರಿಸಿದ ರೀತಿ ನಂಗೆ ತುಂಬ ಇಷ್ಟ. "ಖಾಲಿಯಲ್ಲದ ಸ್ಟ್ಯಾಕ್" ಅನ್ನೋದು ಸ್ಟ್ಯಾಕ್‌ನೊಳಗಿನ ಒಂದು ಉಪಜಾತಿ. ಪಾಪ್ ತಗೊಳ್ಳೋದು ಅದನ್ನ ಮಾತ್ರ. ಅಂದ್ರೆ ಖಾಲಿ ಸ್ಟ್ಯಾಕ್ ಪಾಪ್ ಮಾಡೋದು ಅನ್ನೋ ಪ್ರಶ್ನೆಯೇ ಸರಿಯಾಗಿ ರೂಪುಗೊಂಡಿಲ್ಲ, ಇನ್ನು ಉತ್ತರ ಎಲ್ಲಿಂದ?

ಓಬಿಜೆ2 ತಂಡದಲ್ಲಿದ್ದ ಕೊಕಿಚಿ ಫುತಾತ್ಸುಗಿ ಆಮೇಲೆ ಜಪಾನ್‌ನಲ್ಲಿ ಕೆಫೆಓಬಿಜೆ ಬೆಳೆಸಿದ್ರು, ಹೋಸೆ ಮೆಸೆಗೆರ್ ಮಾಡ್ ಭಾಷೆಯನ್ನ. (ಹೆಸರು "ಮಾಡ್", ಆದ್ರೆ "ಹೀಗ್ ಮಾಡು" ಅಂತ ಹೇಳೋ ಪದ್ಧತಿನೇ ಅಲ್ಲಿಲ್ಲ 😄)

"ಇದ್ರಿಂದ ಪ್ಲೇಸ್‌ಮೆಂಟ್ ಆಗುತ್ತಾ?" ಅಂತ ಕಾಮೆಂಟ್ ಬರುತ್ತೆ, ಗೊತ್ತು. ರೆಸ್ಯೂಮೆಯಲ್ಲಿ ಬರೆದ್ರೆ ಯಾರೂ ಕರೆಯಲ್ಲ ಅನ್ಸುತ್ತೆ. ಆದ್ರೆ ರಹಸ್ಯ ಸಂದೇಶಗಳ ಪ್ರೋಟೋಕಾಲ್‌ಗಳಲ್ಲಿ ತೂತು ಹುಡುಕೋಕೆ ಮಾಡ್ ಬಳಸ್ತಾರೆ. ನಮ್ಮ ಸಿ ಭಾಷೆಯ ಅರ್ಥವನ್ನೇ ಇದೇ ದಾರಿಯಲ್ಲಿ ನಿಯಮಗಳಾಗಿ ಬರೆದ ಕೆಲಸ 2012ರಲ್ಲಿ ಪ್ರಕಟವಾಯ್ತು. ಪ್ರೋಗ್ರಾಮ್ ಓಡ್ತು ಅನ್ನೋದು ಬೇರೆ, ಅದರ ಅರ್ಥ ಇದೇ ಅನ್ನೋದು ಬೇರೆ. ಎರಡನೆಯದನ್ನ ನಾಲ್ಕು ವರ್ಷದಲ್ಲಿ ನಮ್ಮನ್ನ ಯಾರೂ ಕೇಳಲ್ಲ.

ಮಾಡ್ ಉಚಿತ, ಇಳಿಸ್ಕೊಳ್ಳಿ. ಸ್ಟ್ಯಾಕ್ ಬರೆದು ಖಾಲಿ ಸ್ಟ್ಯಾಕ್ ಪಾಪ್ ಮಾಡಿ ನೋಡಿ. -1 ಬರಲ್ಲ, ಕ್ರ್ಯಾಶೂ ಆಗಲ್ಲ. ನೀವು ಟೈಪ್ ಮಾಡಿದ್ದನ್ನೇ ಹಾಗೇ ವಾಪಸ್ ಕೊಡುತ್ತೆ, ಸ್ಟ್ಯಾಕ್ ಅನ್ನೋ ಪದಕ್ಕೆ ಮಾತ್ರ ಒಂದು ಚೌಕ ಕಂಸ ಹಾಕಿ.