ಹತ್ತು (ನಮ್ಮ ಕಡೆ ಮಾತು, ಭಾಗ 4)

ಹೋದ ವರ್ಷ ಇಂಟರ್ನ್‌ಶಿಪ್‌ಗಂತ ಎರಡು ತಿಂಗಳು ಬೆಂಗಳೂರಾಗ ಇದ್ದೆ. ಮೊದಲ ವಾರನ ಫೋನಿನಾಗ "ಬರಾಕ ಹತ್ತೇನಿ" ಅಂದದ್ದು ಕೇಳಿ ರೂಮ್‌ಮೇಟ್, "ಏನು ಹತ್ತಿದೀಯ? ಬಸ್ಸಾ, ಮರಾನಾ?" ಅಂದ್ಲು. ಎಲ್ಲರೂ ನಕ್ಕರು. ನಾನೂ ನಕ್ಕೆ. ಅವತ್ತಿಂದ ಆ ಮಾತು ಬಿಟ್ಟೆ.

ಒಂದು ರಾತ್ರಿ ಆಯಿಗೆ ಫೋನ್ ಮಾಡಿ "ಊಟ ಮಾಡ್ತಾ ಇದ್ದೀನಿ" ಅಂದೆ. ಆಕಿ ಸ್ವಲ್ಪ ಹೊತ್ತು ಸುಮ್ಮನಿದ್ಲು. ಆಮೇಲೆ, "ಯಾರವಾ ಮಾತಾಡೋದು?" ಅಂದ್ಲು.

ಆ ಪ್ರಶ್ನೆ ಇನ್ನೂ ಬಿಟ್ಟಿಲ್ಲ.

ಧಾರವಾಡಕ್ಕ ವಾಪಸ್ ಬಂದ ಮ್ಯಾಲೆ ಈ ಶಬ್ದದ ಬೆನ್ನು ಹತ್ತಿದೆ. ಹಳಗನ್ನಡದ 'ಪತ್ತು' ನಮ್ಮ 'ಹತ್ತು' ಆಗೇದ. ಏರೋದು ಅಷ್ಟ ಅಲ್ಲ, ಅಂಟಿಕೊಳ್ಳೋದೂ ಹೌದು. ತಮಿಳಿನ್ಯಾಗ ಇದರ ಬಳಗದ 'ಪಟ್ರು' ಅಂದ್ರ ಒಲವು. ಬೆಂಕಿ ಹತ್ತತದ, ಹುಚ್ಚು ಹತ್ತತದ. ಇದರದ ಜೋಡಿ 'ಹಚ್ಚು': ದೀಪ ಹಚ್ಚತೀವಿ, ಮುಲಾಮು ಹಚ್ಚತೀವಿ, ಮಂದಿನ್ನ ಹಚ್ಕೋತೀವಿ. 'ಮಾಡಾಕ ಹತ್ತೇನಿ' ಅಂದ್ರ ಆ ಕೆಲಸಕ್ಕ ಅಂಟಿಕೊಂಡೇನಿ ಅಂತ.

ಹೊಲದ ಬದುವಿನ್ಯಾಗ ಉತ್ತರಾಣಿ ನೋಡೀರಲ್ಲ? ಅದರ ಬೀಜಕ್ಕ ರೆಕ್ಕಿ ಇಲ್ಲ. ಸೀರಿ ಸೆರಗಿಗೆ, ಎತ್ತಿನ ಮೈಗೆ ಹತ್ತಿ ಮುಂದಿನ ಹೊಲಕ್ಕ ಹೋಗತದ. ಅಂಟಿಕೊಳ್ಳೋದ ಅದರ ಪ್ರಯಾಣ. ನಾನೋ, ಬೆಂಗಳೂರಿಗೆ ಮುಟ್ಟಿದ ಕೂಡಲೇ ಕೊಡವಿ ಬಿಟ್ಟಿದ್ದೆ.

ನಾಳೆ ಮತ್ತ ಹೊಂಟೇನಿ. ಈಗ ಆಯಿ ಬಾಗಿಲಾಗ ನಿಂತು, "ಏನ್ ಮಾಡಾಕ ಹತ್ತೀ?" ಅಂದ್ಲು.

"ಬ್ಯಾಗ್ ತುಂಬಾಕ ಹತ್ತೇನಿ, ಆಯಿ."

ನೀವು ಯಾವ ಮಾತು ಕೊಡವಿ ಬಂದೀರಿ? ಕಮೆಂಟಿನ್ಯಾಗ ಬರೀರಿ.

#ನಮ್ಮಕಡೆಮಾತು #ಹುಬ್ಬಳ್ಳಿಧಾರವಾಡ