ಐವತ್ತೆಂಟೂವರೆ ಕಿಲೋದ ದುಃಖ

ಬ್ರಿಜೆಟ್ ಜೋನ್ಸ್ ಗೊತ್ತಲ್ಲ ನಿಮಗೆ? ಲಂಡನ್ನಿನ ಹುಡುಗಿ. ಹುಡುಗಿ ಅಂದರೆ ಮೂವತ್ತು ದಾಟಿದವಳು, ಮದುವೆ ಆಗಿಲ್ಲ. ನೆಂಟರಿಷ್ಟರು ಸೇರಿದ ಕಡೆ ಹೋದರೆ ‘ಯಾವಾಗಮ್ಮಾ ಮದುವೆ ಊಟ ಹಾಕಿಸೋದು?’ ಅನ್ನುವ ಪ್ರಶ್ನೆಯನ್ನೇ ಇಂಗ್ಲಿಷಿನಲ್ಲಿ ಕೇಳಿಸಿಕೊಳ್ಳುವವಳು. ಹೆಲೆನ್ ಫೀಲ್ಡಿಂಗ್ ಇವಳನ್ನು 1995ರಲ್ಲಿ ‘ದಿ ಇಂಡಿಪೆಂಡೆಂಟ್’ ಪತ್ರಿಕೆಯ ಅಂಕಣದಲ್ಲಿ ಹುಟ್ಟಿಸಿದರು. 1996ರಲ್ಲಿ ಪುಸ್ತಕ ಬಂತು, 2001ರಲ್ಲಿ ಸಿನಿಮಾ. ಪುಸ್ತಕ ಪೂರ್ತಿ ಅವಳ ಡೈರಿ. ದಿನದ ಶುರುವಿಗೇ ಒಂದು ಲೆಕ್ಕ ಇರುತ್ತದೆ: ಇವತ್ತು ತೂಕ ಎಷ್ಟು, ಎಷ್ಟು ಕುಡಿದೆ, ಸಿಗರೇಟು ಎಷ್ಟು, ಕ್ಯಾಲೊರಿ ಎಷ್ಟು. ನಮ್ಮ ಮನೆಗಳಲ್ಲಿ ಕ್ಯಾಲೆಂಡರಿನ ಮೇಲೆ ಹಾಲಿನ ಲೆಕ್ಕ ಬರೆದಿಡುತ್ತಾರಲ್ಲ, ಹಾಗೆ.

ತೂಕ ಇರುವುದು ಸ್ಟೋನ್ ಲೆಕ್ಕದಲ್ಲಿ. ಒಂದು ಸ್ಟೋನ್ ಅಂದರೆ 14 ಪೌಂಡು, ನಮ್ಮ 6.35 ಕಿಲೋ. ಹೊಸ ವರ್ಷದ ದಿನ ಬ್ರಿಜೆಟ್ 9 ಸ್ಟೋನ್ 3 ಪೌಂಡು ಅಂತ ಬರೆದುಕೊಂಡು ಕೊರಗುತ್ತಾಳೆ. ಅವೆನ್ಯೂ ರೋಡಿನಲ್ಲಿ ಕೊಂಡ ಹಳೇ ಪ್ರತಿಯನ್ನು ಹಿಡಿದು, ಮಂಚದ ಮೇಲೆ ಮಲಗಿಕೊಂಡು, ಮೊಬೈಲಿನಲ್ಲಿ ಗುಣಾಕಾರ ಮಾಡಿ ನೋಡಿದೆ.

58.5 ಕಿಲೋ.

ಎದ್ದು ಕೂತೆ. ಇನ್ನೊಂದು ಸಲ ಲೆಕ್ಕ ಹಾಕಿದೆ. ಅಷ್ಟೇ ಬಂತು. ಆಗ ನಾನು 76 ಕಿಲೋ ಇದ್ದೆ. ದಪ್ಪಗಿರುವ ಹುಡುಗಿಯ ಕಥೆ, ಓದು, ನಿನಗೆ ಇಷ್ಟ ಆಗುತ್ತೆ ಅಂತ ಆಫೀಸಿನ ಗೆಳತಿ ಹೇಳಿದ್ದಳು. ಜೊತೆಗೊಬ್ಬಳು ಸಿಕ್ಕಳು ಅಂದುಕೊಂಡು ಪುಸ್ತಕ ತೆರೆದರೆ, ನನಗಿಂತ ಹದಿನೇಳೂವರೆ ಕಿಲೋ ಕಮ್ಮಿ ಇರುವವಳು ನನ್ನ ಮುಂದೆ ಕೂತು ಅಳುತ್ತಿದ್ದಾಳೆ! ಎಲ್.ಕೆ.ಜಿ. ಫೀಸಿಗೆ ದುಡ್ಡಿಲ್ಲದವರ ಹತ್ತಿರ ಎರಡನೇ ಸೈಟು ಸಿಗಲಿಲ್ಲ ಅಂತ ಗೋಳಾಡಿದ ಹಾಗೆ. ಸಿಟ್ಟೇ ಬಂತು.

ಆ ಸಿಟ್ಟು ಇಟ್ಟುಕೊಂಡೇ ಮುಂದೆ ಓದಿದೆ. ಏಪ್ರಿಲ್ ತಿಂಗಳಿಗೆ ಬಂದಾಗ ಒಂದು ಪ್ರಸಂಗ ಇದೆ. 18 ವರ್ಷದಿಂದ ಬ್ರಿಜೆಟ್ ಕನಸು ಕಂಡಿದ್ದು 8 ಸ್ಟೋನ್ 7 ಪೌಂಡಿನದು. ಅಂದರೆ 54 ಕಿಲೋ. ಒಂದು ದಿನ ಮುಳ್ಳು ಅಲ್ಲಿಗೇ ಬಂದು ನಿಲ್ಲುತ್ತದೆ. ಕುಣಿದಾಡಿಕೊಂಡು ಸ್ನೇಹಿತೆಯ ಮನೆಯ ಪಾರ್ಟಿಗೆ ಹೋಗುತ್ತಾಳೆ. ಎಲ್ಲರೂ ಹೊಗಳುತ್ತಾರೆ ಅಂತ ಕಾಯುತ್ತಾಳೆ. ಯಾರೂ ಹೊಗಳುವುದಿಲ್ಲ. ಯಾಕೆ ಸುಸ್ತಾದ ಹಾಗೆ ಕಾಣ್ತಿದೀಯ, ಮೈಗೆ ಹುಷಾರಿಲ್ವಾ ಅಂತ ಕೇಳುತ್ತಾರೆ. ಮಾರನೇ ದಿನ ವಿಚಾರಿಸಿದರೆ ಅವಳ ಆಪ್ತ ಗೆಳೆಯ ಟಾಮ್ ಮೊದಲೇ ಚೆನ್ನಾಗಿದ್ದೆ ಅಂದುಬಿಡುತ್ತಾನೆ. ಹದಿನೆಂಟು ವರ್ಷದ ಕೂಡುವ ಕಳೆಯುವ ಲೆಕ್ಕ, ಅಷ್ಟೂ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ!

ನಗು ಬಂತು. ನಗ್ತಾ ನಗ್ತಾ ಹೊಟ್ಟೆಯೊಳಗೆ ಏನೋ ಚುಚ್ಚಿತು. ಫೀಲ್ಡಿಂಗ್ ಅವರು 58.5 ಅನ್ನುವ ಅಂಕಿಯನ್ನು ಬೇಕಂತಲೇ ಇಟ್ಟಿರಬೇಕು ಅಂತ ಆಗ ಅನ್ನಿಸಿತು. ಬ್ರಿಜೆಟ್ ದಪ್ಪ ಇಲ್ಲವೇ ಇಲ್ಲ. ತಾನು ದಪ್ಪ ಅಂತ ಯಾರೋ ಯಾವತ್ತೋ ಅವಳ ತಲೆಗೆ ತುಂಬಿಸಿದ್ದಾರೆ, ಅವರೆಲ್ಲ ಮರೆತುಹೋದ ಮೇಲೂ ಇವಳು ದಿನಾ ಬೆಳಗ್ಗೆ ಬರೆದುಕೊಂಡು ಕೂತಿದ್ದಾಳೆ. ವರ್ಷದ ಕೊನೆಗೆ ಏರಿದ್ದು ಇಳಿದದ್ದು ಎಲ್ಲ ಕೂಡಿಸಿದರೆ ಹೆಚ್ಚುಕಮ್ಮಿ ಹೊರಟ ಜಾಗದಲ್ಲೇ ಇದ್ದಾಳೆ. ಅಷ್ಟರಲ್ಲಿ ಮಾರ್ಕ್ ಡಾರ್ಸಿ ಅನ್ನುವವನು ಅವಳನ್ನು ಇಷ್ಟಪಟ್ಟಾಗಿರುತ್ತದೆ. ಅದಕ್ಕೂ ಡೈರಿಯ ಅಂಕಿಗಳಿಗೂ ಯಾವ ಸಂಬಂಧವೂ ಇಲ್ಲ.

ನನ್ನ ತಲೆಗೆ ತುಂಬಿಸಿದವರು ಯಾರು ಅಂತ ಹಿಂದೆ ಹೋಗಿ ನೋಡಿದರೆ ಮೊದಲು ಕಾಣುವುದು ಮಿಡ್ಲ್ ಸ್ಕೂಲು. ಅಲ್ಲಿ ನನ್ನ ಹೆಸರು ‘ಟುನ್‌ಟುನ್’. ನಮ್ಮ ಹಾಸನದ ಕಡೆಯ ಸಣ್ಣ ಊರಿನ ಹುಡುಗರಲ್ಲಿ ಒಬ್ಬನೂ ಟುನ್‌ಟುನ್ ಸಿನಿಮಾ ನೋಡಿರಲಿಕ್ಕಿಲ್ಲ. ಆದರೂ ಹೆಸರು ಮಾತ್ರ ಬೊಂಬಾಯಿಯಿಂದ ನಡೆದುಕೊಂಡು ನಮ್ಮೂರಿಗೆ ಬಂದಿತ್ತು. ಎಷ್ಟೋ ವರ್ಷದ ಮೇಲೆ ಆಕೆ ಯಾರು ಅಂತ ಓದಿದೆ. ಹೆಸರು ಉಮಾದೇವಿ ಖತ್ರಿ. ಶುರುವಿಗೆ ಆಕೆ ಗಾಯಕಿ ಕಣ್ರೀ! 1947ರ ‘ದರ್ದ್’ ಚಿತ್ರದಲ್ಲಿ ನೌಷಾದ್ ಸಂಗೀತದಲ್ಲಿ ಹಾಡಿದ ಹಾಡು ಭಾರಿ ಜನಪ್ರಿಯವಾಯಿತು. ಆಮೇಲೆ 1950ರ ‘ಬಾಬುಲ್’ನಿಂದ ನಗಿಸುವ ಪಾತ್ರ, ಟುನ್‌ಟುನ್ ಅನ್ನುವ ಹೆಸರು. ಪ್ರೀತಿಯಲ್ಲಿ ಬಿದ್ದ ನಾಯಕಿಯ ಗಂಟಲಿಗೆ ಇವರ ಧ್ವನಿ ಸರಿಹೋಗಿತ್ತು. ಅದೇ ಪ್ರೀತಿಗೆ ಇವರ ಮೈ ಕೊಟ್ಟರೆ ಥಿಯೇಟರಿಗೆ ಥಿಯೇಟರೇ ನಗುತ್ತಿತ್ತು. ಅವತ್ತಿಂದ ಆ ಹೆಸರಿನ ಮೇಲಿನ ನನ್ನ ಸಿಟ್ಟು ಹೋಯಿತು. ನಗುವವರ ಮೇಲಿನದು ಹೋಗಿಲ್ಲ.

ಆಮೇಲೆ ಬಂದದ್ದು ಫೋಟೋ ಕಾಲ. ಜಾತಕ ಕೂಡಿ ಬಂದರೂ ಫೋಟೋ ಹೋದ ಮೇಲೆ ಫೋನು ಬರುತ್ತಿರಲಿಲ್ಲ. ಬಂದರೆ ನಮ್ಮ ಸೋದರತ್ತೆಗೆ ಬರುತ್ತಿತ್ತು. ಅವರು ಅಡುಗೆಮನೆ ಬಾಗಿಲಲ್ಲಿ ನಿಂತು ಅಮ್ಮನಿಗೆ ಹೇಳುವುದು ನನಗೆ ಕೇಳಿಸುತ್ತಿತ್ತು. “ಹುಡುಗಿ ಲಕ್ಷಣವಾಗಿದಾಳಂತೆ ಅತ್ತಿಗೆ, ಆದ್ರೆ ಸ್ವಲ್ಪ ದಪ್ಪ ಆಯ್ತಂತೆ. ಒಂದಾರು ತಿಂಗಳು ರಾತ್ರಿ ಅನ್ನ ಬಿಡಿಸಿ ನೋಡಿ.” ಅಮ್ಮ ಏನೂ ಮಾತಾಡುತ್ತಿರಲಿಲ್ಲ. ರಾತ್ರಿ ನನ್ನ ತಟ್ಟೆಗೆ ಎಂದಿನಂತೆಯೇ ಅನ್ನ ಬೀಳುತ್ತಿತ್ತು, ಆದರೆ ಬಡಿಸುವಾಗ ಅಮ್ಮ ನನ್ನ ಮುಖ ನೋಡುತ್ತಿರಲಿಲ್ಲ.

ರೈಲ್ವೆ ಸ್ಟೇಷನ್ನುಗಳಲ್ಲಿ ಒಂದು ತೂಕದ ಮೆಷಿನ್ನು ಇರುತ್ತಿತ್ತಲ್ಲ, ನೆನಪಿದೆಯಾ? ಬಣ್ಣದ ದೀಪ, ಗಿರಗಿರ ತಿರುಗುವ ಚಕ್ರ. ಕಾಸು ಹಾಕಿದರೆ ಟಣ್ ಅಂತ ಒಂದು ರಟ್ಟಿನ ಟಿಕೇಟು. ತೂಕದ ಜೊತೆಗೆ ನಿಮ್ಮ ಭವಿಷ್ಯವನ್ನೂ ಅದರಲ್ಲೇ ಅಚ್ಚು ಹಾಕಿರುತ್ತಿದ್ದರು. ಎಷ್ಟು ಸರಿಯಾಗಿ ಕಂಡುಹಿಡಿದಿದ್ದರು ನೋಡಿ! ಹುಡುಗಿಯ ತೂಕ ಹೇಳಿದರೆ ಸಾಕು, ಅದೇ ಟಿಕೇಟಿನಲ್ಲಿ ಅವಳ ಹಣೆಬರಹವನ್ನೂ ಹೇಳಬಹುದು ಅಂತ ನಮ್ಮ ಸೋದರತ್ತೆಯೂ ನಂಬಿದ್ದರು. :-)

ಇಂಥ ಪ್ರೇಮಕಥೆಗಳಲ್ಲಿ ಎರಡು ಜಾತಿ. ಮೊದಲನೆಯದರಲ್ಲಿ ಕನ್ನಡಕದ, ದಪ್ಪಗಿನ ಹುಡುಗಿ ಒಂದು ಹಾಡು ಮುಗಿಯುವಷ್ಟರಲ್ಲಿ ಓಡಿ, ಬೆವರಿ, ಕೂದಲು ಬಿಟ್ಟುಕೊಂಡು ಮೆಟ್ಟಿಲಿಳಿದು ಬರುತ್ತಾಳೆ, ನಾಯಕನ ಬಾಯಿ ತೆರೆದುಕೊಳ್ಳುತ್ತದೆ. ಈ ಕಥೆ ನೋಡಿದ ಮೇಲೆ ಒಂದು ವಾರ ನಾನೂ ಬೆಳಗ್ಗೆ ಎದ್ದು ಓಡಿದ್ದುಂಟು. ಎರಡನೇ ಜಾತಿಯದರಲ್ಲಿ ಮೈ ಇದ್ದಲ್ಲೇ ಇರುತ್ತದೆ, ಬೇರೇನೋ ಜರುಗುತ್ತದೆ.

2015ರಲ್ಲಿ ಬಂದ ಶರತ್ ಕಟಾರಿಯಾ ಅವರ ‘ದಮ್ ಲಗಾ ಕೆ ಹೈಶಾ’ ಈ ಎರಡನೇ ಜಾತಿಯದು. 1995ರ ಹರಿದ್ವಾರ. ಗಂಡ ಪ್ರೇಮ್ ಹತ್ತನೇ ಕ್ಲಾಸು ಮುಗಿಸಿಲ್ಲ, ಅಪ್ಪನ ಕ್ಯಾಸೆಟ್ ಅಂಗಡಿಯಲ್ಲಿ ಕೂರುತ್ತಾನೆ. ಹೆಂಡತಿ ಸಂಧ್ಯಾ ಬಿ.ಎಡ್. ಓದಿದವಳು, ದಪ್ಪಗಿದ್ದಾಳೆ. ಅವನು ಸ್ನೇಹಿತರ ಮುಂದೆ ಅವಳನ್ನು ಹೀನಾಯವಾಗಿ ಆಡಿಕೊಳ್ಳುತ್ತಾನೆ. ಅವಳು ಅಲ್ಲೇ, ಎಲ್ಲರೆದುರಿಗೇ, ಕಪಾಳಕ್ಕೆ ಬಾರಿಸುತ್ತಾಳೆ. ಅವನೂ ತಿರುಗಿ ಹೊಡೆಯುತ್ತಾನೆ. ಅವಳು ಮನೆ ಬಿಟ್ಟು ಹೋಗಿ ವಿಚ್ಛೇದನ ಕೇಳುತ್ತಾಳೆ. ಕೋರ್ಟು ಆರು ತಿಂಗಳು ಜೊತೆಗಿರಿ ಅನ್ನುತ್ತದೆ. ಕೊನೆಗೆ ಹೆಂಡತಿಯನ್ನು ಬೆನ್ನ ಮೇಲೆ ಹೊತ್ತು ಓಡುವ ಸ್ಪರ್ಧೆ. ಕಥೆ ಮುಗಿಯುವವರೆಗೂ ಸಂಧ್ಯಾ ಒಂದು ಗ್ರಾಮೂ ಇಳಿಯುವುದಿಲ್ಲ. ಅವಳ ಭಾರ ಹೊರಲು ಅವನು ಗಟ್ಟಿಯಾಗಬೇಕು, ಅಷ್ಟೇ. ಆ ವರ್ಷದ ಅತ್ಯುತ್ತಮ ಹಿಂದಿ ಚಿತ್ರ ಅಂತ ಇದಕ್ಕೆ ರಾಷ್ಟ್ರಪ್ರಶಸ್ತಿಯೂ ಬಂತು.

ಅಂದಹಾಗೆ ಈ ಸ್ಪರ್ಧೆ ನಿಜಕ್ಕೂ ಇದೆ. ಫಿನ್‌ಲ್ಯಾಂಡಿನ ಸೊಂಕಾಯಾರ್ವಿ ಅನ್ನುವ ಊರಿನಲ್ಲಿ 1992ರಿಂದ ನಡೆಯುತ್ತಿದೆ. ಹೊರುವ ಹೆಂಡತಿ ಕನಿಷ್ಠ 49 ಕಿಲೋ ಇರಲೇಬೇಕು ಅಂತ ನಿಯಮ. ಗೆದ್ದವರಿಗೆ ಬಹುಮಾನ ಏನು ಗೊತ್ತಾ? ಹೆಂಡತಿಯ ತೂಕದಷ್ಟು ಬಿಯರು! ತೂಕ ಜಾಸ್ತಿ ಇದ್ದರೆ ಲಾಭ ಅನ್ನುವ ತಕ್ಕಡಿ ನಾನು ಕೇಳಿದ್ದು ಅದೊಂದೇ. (ತುಲಾಭಾರ ಬಿಟ್ಟರೆ.)

ನಮ್ಮ ಕನ್ನಡದ ಮಟ್ಟಿಗೆ ಹೇಳಬೇಕೆಂದರೆ ರಾಜ್ ಬಿ. ಶೆಟ್ಟಿ ಅವರ 2017ರ ‘ಒಂದು ಮೊಟ್ಟೆಯ ಕಥೆ’. ಅಲ್ಲಿ ತೂಕದ ಬದಲು ಬೋಳುತಲೆ. ಮಂಗಳೂರಿನ ಕನ್ನಡ ಮೇಷ್ಟ್ರು ಜನಾರ್ದನನಿಗೆ ಕೂದಲಿಲ್ಲ ಅಂತ ಹೆಣ್ಣು ಸಿಗುವುದಿಲ್ಲ. ಪಾಪ ಅಂತ ನಾವೆಲ್ಲ ಅವನ ಪಕ್ಷ ವಹಿಸಿರುತ್ತೇವೆ. ಆಮೇಲೆ ಅವನಿಗೆ ಸರಳಾ ಅನ್ನುವವಳ ಪರಿಚಯವಾಗುತ್ತದೆ. ಎದುರಿಗೆ ನೋಡಿದರೆ ಅವಳು ದಪ್ಪ. ಆಗ ನೋಡಬೇಕು ಮೇಷ್ಟ್ರ ಮುಖ! ಇಷ್ಟು ಹೊತ್ತು ತನ್ನ ತಲೆ ನೋಡಿ ಬೇರೆಯವರು ಮಾಡಿಕೊಂಡಿದ್ದ ಅದೇ ಮುಖ. ಆ ಜಾಗದಲ್ಲಿ ನಾನು ಥಿಯೇಟರಿನಲ್ಲಿ ಎಲ್ಲರಿಗಿಂತ ಜೋರಾಗಿ ನಕ್ಕೆ. ಅಳೆಸಿಕೊಂಡವನ ಜೇಬಿನಲ್ಲೂ ಒಂದು ಟೇಪು ಇರುತ್ತದೆ ಅನ್ನುವುದನ್ನು ಇಷ್ಟು ಸಲೀಸಾಗಿ ತೋರಿಸಿದ ಸಿನಿಮಾ ನಾನು ಬೇರೆ ನೋಡಿಲ್ಲ.

ಆದರೆ ಪರದೆಯ ಹೊರಗಿನ ಕಥೆ ಬೇರೆ. ಬ್ರಿಜೆಟ್ ಆಗಲು ರೆನೀ ಝೆಲ್ವೆಗರ್ ಸುಮಾರು ಹತ್ತು ಕಿಲೋ ಏರಿಸಿಕೊಂಡರು, ಆಮೇಲೆ ಇಳಿಸಿದರು. ಸಂಧ್ಯಾ ಆಗಲು ಭೂಮಿ ಪೆಡ್ನೇಕರ್ ಏರಿಸಿಕೊಂಡರು, ಇಳಿಸಿದರು. 2015ರಲ್ಲೇ ತೆಲುಗು ತಮಿಳಿನಲ್ಲಿ ಬಂದ ‘ಸೈಜ್ ಜೀರೋ’ಗೆ ನಮ್ಮ ಮಂಗಳೂರು ಕಡೆಯ ಅನುಷ್ಕಾ ಶೆಟ್ಟಿಯೂ ಏರಿಸಿಕೊಂಡರು. ಸಣ್ಣ ಮಾಡುತ್ತೇವೆ ಅಂತ ಮೋಸ ಮಾಡುವವರ ವಿರುದ್ಧದ ಸಿನಿಮಾ ಅದು. ಅದನ್ನು ಮಾಡಿದ ನಟಿಗೆ ಎಲ್ಲರೂ ಕೇಳಿದ್ದು ಒಂದೇ ಪ್ರಶ್ನೆ, ಮತ್ತೆ ಯಾವಾಗ ಸಣ್ಣ ಆಗ್ತೀರಿ? ಇದ್ದ ಹಾಗೇ ಇರು ಅಂತ ಸಿನಿಮಾ ಹೇಳುತ್ತದೆ, ಅದನ್ನು ಹೇಳಿದವರಿಗೆ ಮಾತ್ರ ಹಾಗೇ ಇರುವ ಸ್ವಾತಂತ್ರ್ಯ ಇಲ್ಲ. 2016ರ ‘ಬ್ರಿಜೆಟ್ ಜೋನ್ಸ್ಸ್ ಬೇಬಿ’ಯಲ್ಲಂತೂ ಬ್ರಿಜೆಟ್ ಸಣ್ಣಗಾಗಿದ್ದಾಳೆ, ಬಯಸಿದ ತೂಕಕ್ಕೆ ಬಂದಿದ್ದಾಳೆ. 43ನೇ ಹುಟ್ಟುಹಬ್ಬ. ಮನೆಯಲ್ಲಿ ಒಬ್ಬಳೇ ಕೂತಿದ್ದಾಳೆ.

ತಪ್ಪು ತಿಳೀಬೇಡಿ, ಎಷ್ಟು ಬೇಕಾದರೂ ದಪ್ಪ ಆಗಿ ಅಂತ ನಾನು ಹೇಳುತ್ತಿಲ್ಲ. ನಮ್ಮ ಮನೆಯಲ್ಲಿ ಎರಡೂ ಕಡೆ ಸಕ್ಕರೆ ಕಾಯಿಲೆ ಇದೆ. ಡಾಕ್ಟರು ನಡೀರಿ ಅಂದಿದ್ದಾರೆ, ದಿನಾ ಮುಕ್ಕಾಲು ಗಂಟೆ ನಡೆಯುತ್ತೇನೆ. ಮಂಡಿ ನೋವು ಕಮ್ಮಿಯಾಗಿದೆ, ನಿದ್ದೆ ಚೆನ್ನಾಗಿ ಬರುತ್ತದೆ. ಅದು ರಕ್ತದ ಲೆಕ್ಕ, ಮಂಡಿಯ ಲೆಕ್ಕ. ನಾನು ಯಾರಿಗಾದರೂ ಇಷ್ಟ ಆಗಬಹುದಾ, ಕೆಂಪು ಸೀರೆ ಉಡಬಹುದಾ, ಫೋಟೋದಲ್ಲಿ ಮುಂದಿನ ಸಾಲಿನಲ್ಲಿ ನಿಲ್ಲಬಹುದಾ ಅನ್ನುವುದನ್ನು ಆ ಪುಸ್ತಕದಲ್ಲಿ ಬರೆಯಬಾರದು. ಇದನ್ನು ಕಲಿಯಲಿಕ್ಕೆ ನನಗೆ ಮೂವತ್ನಾಲ್ಕು ವರ್ಷ ಬೇಕಾಯಿತು.

ಇಷ್ಟೆಲ್ಲ ಬರೆಯಲಿಕ್ಕೆ ಕಾರಣ ನಮ್ಮಕ್ಕನ ಮಗಳು. ಹದಿಮೂರು ವರ್ಷ. ಹೋದ ತಿಂಗಳು ಅಕ್ಕ ಫೋನು ಮಾಡಿ, ಇವಳು ರಾತ್ರಿ ಊಟ ಬಿಟ್ಟಿದಾಳೆ ಕಣೇ, ಲೆಕ್ಕದ ಪುಸ್ತಕದ ಹಿಂದಿನ ಹಾಳೆಯಲ್ಲಿ ದಿನಾ ತೂಕ ಬರೀತಿದಾಳೆ ಅಂದಳು. ಮಗು ಇರುವುದೇ 44 ಕಿಲೋ. ನೀನು ಓದ್ತೀಯಲ್ಲ, ಅವಳಿಗೆ ಏನಾದ್ರೂ ಓದಿಸು, ನನ್ನ ಮಾತು ಕೇಳಲ್ಲ ಅಂದಳು. ಡಾಕ್ಟರ ಹತ್ತಿರವೂ ಕರ್ಕೊಂಡು ಹೋಗು ಅಂತ ಹೇಳಿದೆ, ಹೋಗಿ ಬಂದರು.

ಓದಿಸಲಿಕ್ಕೆ ಏನು ಕೊಡಲಿ? ಬ್ರಿಜೆಟ್ ಡೈರಿ ಕೊಡಲಿಕ್ಕೆ ಭಯವಾಯಿತು. ಆ ಅಂಕಿಗಳೊಳಗಿನ ನಗು ಹದಿಮೂರಕ್ಕೆ ಕಾಣದೇ ಬರೀ ಅಂಕಿಗಳೇ ಕಂಡುಬಿಟ್ಟರೆ? ಕೊನೆಗೆ ಶನಿವಾರ ಮನೆಗೆ ಕರೆಸಿಕೊಂಡು ‘ದಮ್ ಲಗಾ ಕೆ ಹೈಶಾ’ ಹಾಕಿದೆ. ಕಪಾಳಕ್ಕೆ ಬಾರಿಸುವಾಗ ಸೆಟೆದು ಕೂತಳು. ಮುಗಿದ ಮೇಲೆ ಕೇಳಿದಳು.

“ಅವಳು ಸಣ್ಣ ಆಗಲ್ವಾ ಚಿಕ್ಕಮ್ಮಾ?”

“ಇಲ್ಲ ಪುಟ್ಟೀ.”

“ಹಾಗಾದ್ರೆ ಅವನೇ ಯಾಕೆ ಅವಳನ್ನ ಹೊತ್ಕೋಬೇಕು? ಅವಳೇ ಅವನನ್ನ ಹೊತ್ಕೊಂಡು ಓಡಿದ್ರೆ ಇನ್ನೂ ಬೇಗ ಗೆಲ್ತಿದ್ರಪ್ಪ.”

ಇದು ನನಗೆ ಹೊಳೆದೇ ಇರಲಿಲ್ಲ! ಆ ರಾತ್ರಿ ಅವಳು ಅರ್ಧ ಚಪಾತಿ ತಿಂದಳು. ಎರಡು ತಿಂದಳು ಅಂತ ಬರೆದಿದ್ದರೆ ಕಥೆ ಚೆನ್ನಾಗಿರುತ್ತಿತ್ತು, ಆದರೆ ತಿಂದಿದ್ದು ಅರ್ಧವೇ. ಮುಂದಿನ ಶನಿವಾರ ಮತ್ತೆ ಬರುತ್ತಾಳೆ. ಹದಿಮೂರರ ಹುಡುಗಿ ಓದಿ ನಗಬಹುದಾದ, ಕೊನೆಯಲ್ಲಿ ಯಾರೂ ಸಣ್ಣ ಆಗದ ಒಂದು ಕಥೆ ಕನ್ನಡದಲ್ಲಿ ನಿಮಗೆ ಗೊತ್ತಿದ್ದರೆ ದಯವಿಟ್ಟು ತಿಳಿಸಿ, ಶುಕ್ರವಾರದೊಳಗೆ.